ಹಳೆಯ ಎರಡು ಕಂಪ್ಯೂಟರುಗಳಲ್ಲಿ ವಿಂಡೋಸ್ 11 ಸರಿಯಾಗಿ ಆರಂಭವಾಗುತ್ತಿಲ್ಲ, ಕಾರಣ ಏನಿರಬಹುದು?

ಬೆಟಗೇರಿ ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಬಿಲ್‌ಬುಕ್ಕುಗಳ ಡಿಟಿಪಿ ಮಾಡುವ ನಮ್ಮ ಅಂಗಡಿಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದರಿಂದ ಎರಡಕ್ಕೂ ವಿಂಡೋಸ್ 11 ಹಾಕಲು ತೀರ್ಮಾನಿಸಿದೆವು. ಎರಡರಲ್ಲಿಯೂ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಪ್ರೊಸೆಸರುಗಳೂ ಅಧಿಕೃತ ಪಟ್ಟಿಯಲ್ಲಿಲ್ಲ. ಆದ್ದರಿಂದ ರೂಫಸ್ ತಂತ್ರಾಂಶದಲ್ಲಿ ಆ ತಪಾಸಣೆಗಳನ್ನು ಕೈಬಿಡುವ ಆಯ್ಕೆ ಕೊಟ್ಟು, 24ಎಚ್2 ಆವೃತ್ತಿಯ ಪೆನ್ ಡ್ರೈವ್ ಸಿದ್ಧಪಡಿಸಿಕೊಂಡೆವು.

ಮೊದಲನೆಯದು ಕೋರ್ 2 ಕ್ವಾಡ್ ಕ್ಯೂ8400, ಜಿ41 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್. ಪೆನ್ ಡ್ರೈವ್‌ನಿಂದ ಬೂಟ್ ಮಾಡಿದರೆ ವಿಂಡೋಸ್ ಚಿಹ್ನೆ ಕಾಣಿಸುತ್ತದೆ, ಕೂಡಲೇ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಎಷ್ಟು ಬಾರಿ ಮಾಡಿದರೂ ಅದೇ ಗತಿ, ದೋಷದ ಸಂದೇಶವೂ ಬರುವುದಿಲ್ಲ. ಹುಬ್ಬಳ್ಳಿಯ ಸಂಬಂಧಿಕರೊಬ್ಬರ ಅಂಗಡಿಯಲ್ಲಿ ಇದೇ ಪ್ರೊಸೆಸರಿನ ಯಂತ್ರದ ಮೇಲೆ ವಿಂಡೋಸ್ 11 ಮೊದಲಿನಿಂದಲೂ ನಡೆಯುತ್ತಿದೆ. ಹಾಗಾಗಿ ನಮ್ಮ ರ‍್ಯಾಮ್ ಅಥವಾ ಎಸ್‌ಎಸ್‌ಡಿ ಕೆಟ್ಟಿರಬಹುದೆಂಬ ಸಂಶಯವಿದೆ.

ಎರಡನೆಯದು ಐ5-3470, ಎಚ್61 ಮದರ್‌ಬೋರ್ಡ್. ಇದರಲ್ಲಿ ಇನ್‌ಸ್ಟಾಲ್ ಸುಸೂತ್ರವಾಗಿ ಮುಗಿದಿದೆ. ಆದರೆ ಬೆಳಿಗ್ಗೆ ಅಂಗಡಿ ತೆರೆದು ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದು ಬರುತ್ತದೆ. ಬಯೋಸ್‌ಗೆ ಹೋಗಿ ಬೂಟ್ ಮೋಡ್ ಅನ್ನು ಯುಇಎಫ್‌ಐ ಎಂಬ ಹೊಸ ವಿಧಾನಕ್ಕೆ ಬದಲಿಸಿದರೆ ಆರಂಭವಾಗುತ್ತದೆ. ಹಗಲು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ತೊಂದರೆಯಿಲ್ಲ, ಮರುದಿನ ಬೆಳಿಗ್ಗೆ ಮತ್ತೆ ಅದೇ ಸಂದೇಶ. ವಿಂಡೋಸ್ 10 ಇದ್ದಾಗ ಹೀಗೆ ಆಗುತ್ತಿರಲಿಲ್ಲ. ಲಗ್ನದ ಸೀಜನ್ ಎದುರಿಗಿದೆ, ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಧಾರವಾಡ ಲ್ಯಾಬ್:

ಮೊದಲನೆಯ ಯಂತ್ರದ ರ‍್ಯಾಮ್, ಎಸ್‌ಎಸ್‌ಡಿ ಯಾವುದನ್ನೂ ಬದಲಿಸಬೇಡಿ. ಅವುಗಳ ಮೇಲೆ ಸಂಶಯಪಡಲು ಇಲ್ಲಿ ಕಾರಣ ಕಾಣುವುದಿಲ್ಲ. ಟಿಪಿಎಂ, ಸೆಕ್ಯೂರ್ ಬೂಟ್, ಪ್ರೊಸೆಸರ್ ಪಟ್ಟಿ ಇವೆಲ್ಲ ಸೆಟಪ್ ಕೇಳುವ ಪ್ರಶ್ನೆಗಳು ಮಾತ್ರ, ಆದ್ದರಿಂದ ರೂಫಸ್ ಅವುಗಳನ್ನು ಬದಿಗಿಡಬಲ್ಲದು. ಆದರೆ 24ಎಚ್2 ಆವೃತ್ತಿಯಿಂದ ವಿಂಡೋಸ್‌ನ ತಿರುಳಾದ ಕರ್ನಲ್ಲೇ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆದೇಶಗಳನ್ನು ನೇರವಾಗಿ ಬಳಸುತ್ತದೆ. ಒಂದು ಸಂಖ್ಯೆಯಲ್ಲಿ ಎಷ್ಟು ಬಿಟ್‌ಗಳು 1 ಆಗಿವೆ ಎಂದು ಎಣಿಸುವುದು ಪಾಪ್‌ಕೌಂಟ್‌ನ ಕೆಲಸ. ಇಂಟೆಲ್‌ನಲ್ಲಿ ಇವು ಬಂದದ್ದು 2008ರ ನೆಹಾಲೆಮ್ ಪೀಳಿಗೆಯಿಂದ. ಅದಕ್ಕೆ ಹಿಂದಿನ ಪೀಳಿಗೆಯ ಕ್ಯೂ8400 ಎಸ್‌ಎಸ್‌ಇ 4.1ಕ್ಕೇ ನಿಲ್ಲುತ್ತದೆ. ಪ್ರೊಸೆಸರಿಗೆ ತಿಳಿಯದ ಆದೇಶ ಎದುರಾದ ಕ್ಷಣವೇ ಯಂತ್ರ ಮರುಆರಂಭವಾಗುತ್ತದೆ, ದೋಷ ತೋರಿಸುವ ಹಂತದವರೆಗೂ ವಿಂಡೋಸ್ ತಲುಪಿರುವುದಿಲ್ಲ. ಇದನ್ನು ಯಾವ ರಿಜಿಸ್ಟ್ರಿ ತಿದ್ದುಪಡಿಯೂ ದಾಟಿಸಲಾರದು.

ತಮ್ಮ ಸಂಬಂಧಿಕರ ಯಂತ್ರದಲ್ಲಿ ಇರುವುದು 23ಎಚ್2 ಅಥವಾ ಅದಕ್ಕೂ ಹಿಂದಿನದೇ ಇರಬೇಕು. ರನ್‌ನಲ್ಲಿ ‘ವಿನ್‌ವರ್’ ಎಂದು ಕೊಟ್ಟರೆ ತಿಳಿಯುತ್ತದೆ. ಹಾಗೆಂದು ತಾವೂ 23ಎಚ್2 ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದರ ಹೋಮ್ ಮತ್ತು ಪ್ರೊ ಆವೃತ್ತಿಗಳ ಭದ್ರತಾ ಅಪ್‌ಡೇಟುಗಳು 2025ರ ನವೆಂಬರ್ 11ಕ್ಕೇ ನಿಂತಿವೆ, ವಿಂಡೋಸ್ 10 ಬಿಟ್ಟ ಉದ್ದೇಶವೇ ಅಲ್ಲಿ ಈಡೇರುವುದಿಲ್ಲ. ಸಮಾಧಾನದ ಸಂಗತಿ ಎಂದರೆ ಸೆಟಪ್ಪೇ ಆರಂಭವಾಗಿಲ್ಲವಾದ್ದರಿಂದ ಡಿಸ್ಕಿನಲ್ಲಿರುವ ಹಳೆಯ ವಿಂಡೋಸ್ 10 ಹಾಗೆಯೇ ಉಳಿದಿರುತ್ತದೆ. ಪೆನ್ ಡ್ರೈವ್ ತೆಗೆದು ಆನ್ ಮಾಡಿ ನೋಡಿ.

ಹುಬ್ಬಳ್ಳಿ ಹಾರ್ಡ್‌ವೇರ್:

ಎರಡನೆಯ ಯಂತ್ರದ ಬಗ್ಗೆ ಒಂದೇ ಪ್ರಶ್ನೆ: ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ತೆಗೆಯುತ್ತೀರಾ? ಬೆಳಿಗ್ಗೆ ಬಯೋಸ್ ಪರದೆಯಲ್ಲಿ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆಯೇ?

ಬೆಟಗೇರಿ ಡಿಟಿಪಿ:

ಹೌದು ಸರ್, ಶಾರ್ಟ್ ಸರ್ಕ್ಯೂಟ್ ಭಯದಿಂದ ದಿನವೂ ಮೇನ್ ತೆಗೆಯುತ್ತೇವೆ. ಇಂದು ನೋಡಿದಾಗ ದಿನಾಂಕವೂ ತಪ್ಪಾಗಿತ್ತು. ಪೆನ್ ಡ್ರೈವ್ ತೆಗೆದ ಮೇಲೆ ಕ್ವಾಡ್ ಯಂತ್ರದಲ್ಲಿ ವಿಂಡೋಸ್ 10 ಬಂದಿತು, ಕಡತಗಳೆಲ್ಲ ಇವೆ. ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು ನೋಡಿದೆ, ಇನ್‌ಸ್ಟ್ರಕ್ಷನ್ಸ್ ಸಾಲಿನಲ್ಲಿ ಎಸ್‌ಎಸ್‌ಇ 4.1 ಇದೆ, 4.2 ಇಲ್ಲ.

ಹುಬ್ಬಳ್ಳಿ ಹಾರ್ಡ್‌ವೇರ್:

ಹಾಗಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ. ಅದರ ಹೆಸರು ಸಿಆರ್2032, 3 ವೋಲ್ಟಿನದು. ಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ, ಬಯೋಸ್‌ನ ಸೆಟ್ಟಿಂಗುಗಳನ್ನು ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ಸ್ಟ್ಯಾಂಡ್‌ಬೈ ವಿದ್ಯುತ್ತೇ ಕಾಯುತ್ತದೆ. ಮೇನ್ ತೆಗೆದೊಡನೆ ಆ ಹೊಣೆ ಸೆಲ್‌ನ ಮೇಲೆ ಬೀಳುತ್ತದೆ, ಸೆಲ್ ಸತ್ತಿದ್ದರೆ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ, ತಮ್ಮ ಬೋರ್ಡಿನಲ್ಲಿ ಲೆಗಸಿ ಎಂಬ ಹಳೆಯ ಬೂಟ್ ಮೋಡ್‌ಗೆ, ಮರಳುತ್ತದೆ. ಹಿಂದಿನ ವಿಂಡೋಸ್ 10 ಬಹುಶಃ ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯ ಡಿಸ್ಕಿನಲ್ಲಿ ಲೆಗಸಿ ಮೋಡ್‌ನಲ್ಲಿಯೇ ಇತ್ತು, ಆದ್ದರಿಂದ ಸೆಟ್ಟಿಂಗ್ ಅಳಿಸಿಹೋದರೂ ಅದಕ್ಕೆ ಬಾಧೆ ತಟ್ಟಲಿಲ್ಲ. ಹೊಸದು ಜಿಪಿಟಿ ಎಂಬ ಹೊಸ ಪದ್ಧತಿಯ ಡಿಸ್ಕಿನಲ್ಲಿ ಯುಇಎಫ್‌ಐಯನ್ನು ನಂಬಿ ಕುಳಿತಿದೆ.

ಕರೆಂಟ್ ತಂತಿ ಕಿತ್ತು, ಸೆಲ್‌ನ ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ, ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ ದಿನಾಂಕ ಮತ್ತು ಬೂಟ್ ಮೋಡ್ ಸರಿಪಡಿಸಿ. ಅಲ್ಲಿಯೇ ಡಿಸ್ಕ್ ಜೋಡಣೆಯ ಸಾಟಾ ಮೋಡ್ ಕೂಡ ಎಎಚ್‌ಸಿಐ ಇದೆಯೇ ನೋಡಿಕೊಳ್ಳಿ. ಅದು ಐಡಿಇಗೆ ತಿರುಗಿದರೆ ನೀಲಿ ಪರದೆ ಬರಬಹುದು.

ಹಾವೇರಿ ಲಿನಕ್ಸ್:

ಕ್ವಾಡ್ ಯಂತ್ರಕ್ಕೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಬಹುದು. ಅದು ಈ ಪ್ರೊಸೆಸರನ್ನು ಒಪ್ಪುತ್ತದೆ, 2029ರವರೆಗೆ ಬೆಂಬಲವೂ ಇದೆ, ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ಯೂನಿಕೋಡ್ ಕನ್ನಡ ಟೈಪಿಂಗ್ ಸಲೀಸು. ಆದರೆ ನುಡಿಯ ಹಳೆಯ ಫಾಂಟುಗಳಲ್ಲಿ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪತ್ರಿಕೆಗಳು ತಮ್ಮಲ್ಲಿ ರಾಶಿ ಇರಬಹುದು. ಅವು ಲಿನಕ್ಸಿಗೆ ನೆಟ್ಟಗೆ ಬರುವುದಿಲ್ಲ, ಯೂನಿಕೋಡಿಗೆ ಪರಿವರ್ತಿಸಿದರೂ ಒತ್ತಕ್ಷರ ಮತ್ತು ಸಾಲಿನ ಅಳತೆಯನ್ನು ಪುಟಪುಟವಾಗಿ ನೋಡಬೇಕಾಗುತ್ತದೆ. ಲಗ್ನದ ಸೀಜನ್ನಿನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಸದ್ಯಕ್ಕೆ ಆ ಯಂತ್ರದ ಇಂಟರ್‌ನೆಟ್ ತೆಗೆದು, ವಿಂಡೋಸ್ 10ರಲ್ಲಿಯೇ ಹಳೆಯ ಪುಟಗಳಿಗಾಗಿ ಇಟ್ಟುಕೊಳ್ಳಿ. ಇಂಟರ್‌ನೆಟ್ ಬೇಕೇ ಬೇಕೆಂದಾದರೆ, ವಿಂಡೋಸ್ 10ರ 22ಎಚ್2ಗೆ ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಇಎಸ್‌ಯು ವ್ಯವಸ್ಥೆಯಿದೆ.

ಬೆಟಗೇರಿ ಡಿಟಿಪಿ:

ಸೆಲ್ ಬದಲಿಸಿದ ಮೇಲೆ ಐ5 ಯಂತ್ರ ಬೆಳಿಗ್ಗೆ ತಾನಾಗಿಯೇ ಆರಂಭವಾಯಿತು, ದಿನಾಂಕವೂ ಸರಿಯಾಗಿದೆ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಯಂತ್ರಕ್ಕೆ ಮುಂದೆ ವಿಂಡೋಸ್ 11ರ ಹೊಸ ಆವೃತ್ತಿಗಳು ತಾವಾಗಿ ಬರುತ್ತವೆಯೇ?

ಧಾರವಾಡ ಲ್ಯಾಬ್:

ತಿಂಗಳ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತಿವೆ, ಆದರೆ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅವುಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ವಾರ್ಷಿಕ ಆವೃತ್ತಿಯನ್ನು ಮಾತ್ರ ಐಎಸ್‌ಒ ಕಡತ ಇಳಿಸಿಕೊಂಡು ಕೈಯಾರೆ ಹಾಕಬೇಕಾಗುತ್ತದೆ. ಹಾಕುವ ಮುನ್ನ ಪತ್ರಿಕೆಗಳ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹೊಸದು ಸರಿಬರದಿದ್ದರೆ ಹಳೆಯ ಆವೃತ್ತಿಗೆ ಮರಳುವ ಅವಕಾಶ 10 ದಿನಗಳವರೆಗೆ ಇರುತ್ತದೆ.