ಸಮಸ್ಯೆ: ಗೆದ್ದು ಬಂದವನೊಳಗೆ ಕದವನು ಮುಚ್ಚಿ ಬಿಕ್ಕಿದನು

ಕಾರವಾರದ ಅಕ್ಕ: ಈ ವಾರದ ಸಾಲು ಮೇಲಿದೆ. ಪದ್ಯದ ಕೊನೆಗೆ ಅದೇ ಬರಬೇಕು, ಮೊದಲ ಐದು ಸಾಲು ನಿಮ್ಮವು. ನೌಕಾದಿನಕ್ಕೆ ಬೀಚಿಗೆ ಹೋಗಿದ್ದೆ. ಈಗ ಅಲ್ಲಿ ವಸ್ತುಸಂಗ್ರಹಾಲಯವಾಗಿರುವ ಹಳೆಯ ಯುದ್ಧನೌಕೆ ಚಪಲ್ ಮೇಲೆ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಹೆಮ್ಮೆ ಆಯಿತು, ಹೊಟ್ಟೆಯೊಳಗೆ ಕಿವುಚಿದ ಹಾಗೂ ಆಯಿತು. ಬರೆಯಿರಿ.

ಅಂಕೋಲೆ ಮೇಷ್ಟ್ರು:
ಯುದ್ಧ ಮುಗಿಯಿತು, ಮನೆಯ ಬಾಗಿಲೊ
ಳಿದ್ದ ತಾಯಿಯು ದೀಪ ಹಿಡಿದಳು
ಮುದ್ದು ಮಗನಿಗೆ ದೃಷ್ಟಿ ತೆಗೆಯುತ ತಲೆಯ ಸವರಿದಳು
ಬಿದ್ದ ಹಗೆಯವ ‘ಅಮ್ಮ’ ಎಂದಾ
ಸದ್ದು ಕಿವಿಯಲಿ ಉಳಿದು ಹೋಯಿತು
ಗೆದ್ದು ಬಂದವನೊಳಗೆ ಕದವನು ಮುಚ್ಚಿ ಬಿಕ್ಕಿದನು

ಶಿರಸಿ ಭಟ್ರು: ಮೇಷ್ಟ್ರೇ, ‘ಎಂದಾ ಸದ್ದು’ ಚೆನ್ನಾಗಿ ಕೂತಿದೆ. ಆದರೆ ಮೊದಲ ಮಾತೇ ಎಡವಿತಲ್ಲ. ಪ್ರಾಸಕ್ಕೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಐದು ಸಾಲಿಗೆ ದ್ದ, ಒಂದಕ್ಕೆ ಮಾತ್ರ ದ್ಧ?

ಅಂಕೋಲೆ ಮೇಷ್ಟ್ರು: ವರ್ಗಪ್ರಾಸ. ದ, ಧ ಒಂದೇ ವರ್ಗದವು. ಹಳಬರು ಒಪ್ಪಿದ್ದಾರೆ.

ಶಿರಸಿ ಭಟ್ರು: ಹಾಗಾದರೆ ಕಳೆದ ತಿಂಗಳು ನನ್ನ ‘ಶಂಖ’ದ ಜೊತೆ ‘ರಂಗ’ ಕೂರುವುದಿಲ್ಲ ಅಂತ ಎರಡು ದಿನ ಹಠ ಹಿಡಿದವರು ಯಾರು? ‘ಗುದ್ದು ನಿಂತಿತು’ ಅಂತ ತಿದ್ದಿ. ಮಾತ್ರೆಯೂ ಸರಿ, ಪ್ರಾಸವೂ ಸರಿ.

ಅಂಕೋಲೆ ಮೇಷ್ಟ್ರು: ಗುದ್ದು ಅಂದರೆ ಜಾತ್ರೆಯ ಕೈಜಗಳ. ನನ್ನ ದೊಡ್ಡಪ್ಪ 1971ರಲ್ಲಿ ಗಡಿಯಲ್ಲಿದ್ದವರು. ಪದಕಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು. ತೋಟದಲ್ಲಿ ಮಂಗ ಓಡಿಸಲು ಯಾರಾದರೂ ಈಡು ಹೊಡೆದರೆ ಮಾತ್ರ ಸುಮ್ನೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ದನದ ಬೆನ್ನ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಲ್ಲುತ್ತಿದ್ದರು. ಅದನ್ನು ನೋಡಿದವನು ನಾನು. ‘ಗುದ್ದು’ ಅಂತ ಬರೆಯಲಾರೆ.

ಹೊನ್ನಾವರದ ಹುಡುಗ: ನಂದೂ ಒಂದು.
ಮದ್ದುಗುಂಡಿಗೆ ಗೆಳೆಯ ಬೀಳಲು
ಎದ್ದು ಬದುಕಿದೆನೆಂಬ ನಲಿವೇ
ಕದ್ದ ಚಿನ್ನದ ಹಾಗೆ ಮನದಲಿ ಭಾರವಾಗಿತ್ತು
ಒದ್ದೆ ಮಲ್ಲಿಗೆ ಮಾಲೆ ಕೊರಳಲಿ
ಸದ್ದು ಗರ್ನಾಲಿನದು ಸಿಡಿಯಲು
ಗೆದ್ದು ಬಂದವನೊಳಗೆ ಕದವನು ಮುಚ್ಚಿ ಬಿಕ್ಕಿದನು

ಕಾರವಾರದ ಅಕ್ಕ: ‘ಕದ್ದ ಚಿನ್ನ’ ಭೇಷ್.

ಅಂಕೋಲೆ ಮೇಷ್ಟ್ರು: ಒಳ್ಳೆಯದು ತಮ್ಮಾ.

ಕುಮಟೆಯವರು: ಅಕ್ಕಾ, ಚಪಲ್ 1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿಗೆ ಹೋಗಿದ್ದ ಹಡಗು ಅಲ್ವಾ? ಆ ರಾತ್ರಿಯ ಮೇಲೂ ಒಂದು ಪದ್ಯ ಆಗಲಿ.

ಕಾರವಾರದ ಅಕ್ಕ: ಅಲ್ಲ. ಅದು ನೌಕಾಪಡೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಹೊತ್ತು ಹೋದದ್ದು ನಿಪಾತ್, ನಿರ್ಘಾತ್, ವೀರ್. ಊರಿನವರೇ ಬೇಕಿದ್ದರೆ ಬೀಚಿನಲ್ಲಿ ಪ್ರತಿಮೆಯಾಗಿ ನಿಂತಿರುವ ರಾಮ ರಾಘೋಬಾ ರಾಣೆ ಇದ್ದಾರಲ್ಲ, ನಮ್ಮ ಚೆಂಡಿಯಾ ಮೂಲದವರು. 1948ರ ಏಪ್ರಿಲ್‌ನಲ್ಲಿ ರಾಜೌರಿ ದಾರಿಯ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟವರು. ಪರಮವೀರ ಚಕ್ರ ಪಡೆದು, ಬದುಕಿ ಮನೆಗೆ ಬಂದವರು. ಈ ಸಾಲು ಬರೆಯುವಾಗ ನನಗೆ ಅವರದ್ದೇ ನೆನಪು.

ಶಿರಸಿ ಭಟ್ರು: ದೊಡ್ಡಪ್ಪನವರ ವಿಷಯ ಎರಡು ಸಲ ಓದಿದೆ ಮೇಷ್ಟ್ರೇ. ‘ಯುದ್ಧ’ ಹಾಗೇ ಇರಲಿ. ಆದರೆ ನನ್ನ ‘ಶಂಖ’ವನ್ನೂ ಇವತ್ತೇ ಒಪ್ಪಿಕೊಳ್ಳಿ.

ಅಂಕೋಲೆ ಮೇಷ್ಟ್ರು: ನಿಮಗೆ ಅಲ್ಲಿ ಬೇರೆ ಮಾತು ಇತ್ತು ಭಟ್ರೇ. ನನಗೆ ಇಲ್ಲಿ ಇರಲಿಲ್ಲ.

ಶಿರಸಿ ಭಟ್ರು: ಇತ್ತೇ? ಯಾವುದು, ಹೇಳಿ ನೋಡೋಣ.