ಅಲ್ಲಿಯ ಗುರುತಿನ ಚೀಟಿ ಇಲ್ಲದೆ ಹೊರದೇಶದಲ್ಲಿ ಫೋನ್ ಖರೀದಿ: ಪ್ರಶ್ನೋತ್ತರ

ಅಡ್ಮಿನ್: ಫೋನ್ ರಿಪೇರಿ, ಸೆಕೆಂಡ್ ಹ್ಯಾಂಡ್ ತಪಾಸಣೆ ಮಾಡುವ ಸರ್ ಒಂದು ಗಂಟೆ ಇರ್ತಾರೆ. ವಿಷಯ ಬಿಟ್ಟು ಬೇರೆ ಬೇಡ.

ನೀಲಿಕೊಡೆ: ಪಾಸ್‌ಪೋರ್ಟ್ ಒಂದೇ ಇದ್ರೆ ಅಂಗಡಿಯಲ್ಲಿ ಫೋನ್ ಕೊಡ್ತಾರಾ ಸರ್?

ರಿಪೇರಿ ಸರ್: ಪೂರ್ತಿ ದುಡ್ಡು ಕೊಟ್ಟರೆ ಬರೀ ಫೋನಿಗೆ ಸಾಮಾನ್ಯವಾಗಿ ಏನೂ ಕೇಳಲ್ಲ. ಚೀಟಿ ಕೇಳೋದು ಕಂತಿಗೆ, ಸಿಮ್‌ಗೆ. ತೆರಿಗೆ ವಿನಾಯಿತಿ ಬೇಕಾದ್ರೆ ಅಸಲಿ ಪಾಸ್‌ಪೋರ್ಟ್ ಒಯ್ಯಿರಿ, ಅದರ ಫೋಟೋ ಅಲ್ಲ.

ರಾತ್ರಿಪಾಳಿ: ಜಪಾನಿಗೆ ಬಂದು ಎರಡು ವಾರ. ಇಲ್ಲಿ ಪರಿಚಯದವರೊಬ್ಬರು ತಮ್ಮ ಹೆಸರಲ್ಲಿ ಕಂತಿನ ಮೇಲೆ ಐಫೋನ್ ತೆಗೆದುಕೊಡ್ತಾರಂತೆ, ನಾನು ಅವರಿಗೆ ನಗದು ಕೊಡೋದು. ಲಾಕ್ ಇರಲ್ಲ ಅಂದ್ರು.

ರಿಪೇರಿ ಸರ್: ಬೇಡ. ಲಾಕ್ ಇರಲ್ಲ ಅನ್ನೋದು ನಿಜವೇ. 2021ರ ಅಕ್ಟೋಬರ್ 1ರಿಂದ ಅಲ್ಲಿ ಹೊಸದಾಗಿ ಮಾರುವ ಫೋನಿಗೆ ಸಿಮ್ ಲಾಕ್, ಅಂದ್ರೆ ಒಂದೇ ಕಂಪನಿಯ ಸಿಮ್ ನಡೆಯೋ ಹಾಗೆ ಕಟ್ಟಿಹಾಕೋದು, ನಿಂತಿದೆ. ನಿಮ್ಮನ್ನ ಮುಳುಗಿಸೋದು ಲಾಕ್ ಅಲ್ಲ, ಬಾಕಿ. ಅವರು ನಾಲ್ಕು ಕಂತು ಕಟ್ಟಿ ಸುಮ್ಮನಾದ್ರೆ ಸಿಮ್ ಕಂಪನಿ ಆ ಐಎಂಇಐಗೇ (ಪ್ರತಿ ಫೋನಿಗೂ ಇರೋ ಗುರುತಿನ ನಂಬರ್) ತನ್ನ ನೆಟ್‌ವರ್ಕ್ ಕತ್ತರಿಸಬಹುದು. ಹಾಗಾದ್ರೆ ಫೋನ್ ಆನ್ ಆಗುತ್ತೆ, ವೈಫೈ ಬರುತ್ತೆ, ಕರೆ ಹೋಗಲ್ಲ. ಅದೇ ಕಂಪನಿಯ ಬೇರೆ ಸಿಮ್ ಹಾಕಿದ್ರೂ ಅಷ್ಟೇ. ಬಿಲ್ ಅವರ ಹೆಸರಲ್ಲಿ, ಕೇಳೋಕೆ ನಿಮ್ಮ ಕೈಯಲ್ಲಿ ಕಾಗದವೇ ಇರಲ್ಲ.

ಅದರ ಬದಲು ಸೆಕೆಂಡ್ ಹ್ಯಾಂಡ್ ನೋಡಿ. *#06# ಒತ್ತಿ, ಬರುವ 15 ಅಂಕಿಯನ್ನ ಸೆಟ್ಟಿಂಗ್ಸಿನಲ್ಲಿರೋದಕ್ಕೆ ತಾಳೆ ಹಾಕಿ. ಆ ಫೋನನ್ನ ಮೊದಲು ಮಾರಿದ ಸಿಮ್ ಕಂಪನಿಯ ತಪಾಸಣೆ ಪುಟದಲ್ಲಿ ಅದನ್ನ ಕೊಡಿ. ○ ಬಂದ್ರೆ ಸರಿ. △ ಅಂದ್ರೆ ಕಂತು ಬಾಕಿ ಇರಬಹುದು. ಇವತ್ತು ನಡೆಯುತ್ತೆ, ನಾಳೆ ×, ಅಂದ್ರೆ ನೆಟ್‌ವರ್ಕ್ ಬಂದ್, ಆಗಬಹುದು. ಮಾರುವವರ ಎದುರಿಗೇ ಅವರ ಖಾತೆ ತೆಗೆಸಿ, ಪೂರ್ತಿ ಅಳಿಸಿ, ವೈಫೈಗೆ ಸೇರಿಸಿ, ಮುಖಪುಟ ಬರೋತನಕ ಕಾಯಿರಿ. ಮಧ್ಯೆ ಹಳೇ ಆಪಲ್ ಖಾತೆ ಕೇಳಿದ್ರೆ, ಇಲ್ಲಾ ‘ರಿಮೋಟ್ ಮ್ಯಾನೇಜ್‌ಮೆಂಟ್’ ಅಂತ ಬಂದ್ರೆ, ದುಡ್ಡು ಜೇಬಿನಲ್ಲೇ ಇರಲಿ. ಎರಡನೆಯದು ಯಾವುದೋ ಆಫೀಸಿನ ಸ್ವತ್ತು.

ಹೊಸಸದಸ್ಯ: ಪಾಸ್‌ಪೋರ್ಟ್ ಸಾಕಾ ಸರ್?

ರಿಪೇರಿ ಸರ್: ಮೇಲೆ ಇದೆ.

ಎರಡುಸಿಮ್: 👇 ಬಂದ ಮೆಸೇಜು. ಐಎಂಇಐ ಬ್ಲಾಕ್ ಆದ್ರೆ ಈ ಆ್ಯಪ್ ಹಾಕಿ ನಂಬರ್ ಬದಲಿಸಿ, ಎರಡೇ ನಿಮಿಷ, ಎಲ್ಲರಿಗೂ ಕಳಿಸಿ.

ರಿಪೇರಿ ಸರ್: ಮೊದಲು ಅಳಿಸಿ. ಬ್ರಿಟನ್ನಿನಲ್ಲಿ 2002ರ ಕಾನೂನಿನ ಪ್ರಕಾರ ಐಎಂಇಐ ಬದಲಿಸಿದ್ರೆ 5 ವರ್ಷದ ತನಕ ಜೈಲು. ಎರಡು ನಿಮಿಷದಲ್ಲಿ ಬದಲಾಗೋದು ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ಮಾತ್ರ.

ಎರಡುಸಿಮ್: ಬಂದಿದ್ದನ್ನ ಹಾಕಿದೆ ಅಷ್ಟೇ. ಹೋಗಲಿ, ಅಮೆರಿಕದ ಐಫೋನ್ 15 ತಂದ್ರೆ ನಮ್ಮ ಸಿಮ್ ಹಾಕಬಹುದಲ್ವಾ?

ನೀಲಿಕೊಡೆ: ಅಮೆರಿಕದ್ದಕ್ಕೆ 14ರಿಂದಲೇ ಸಿಮ್ ಟ್ರೇ ಇಲ್ಲ. ಇ-ಸಿಮ್ (ಫೋನಿನೊಳಗೇ ಇರೋ, ಕಾರ್ಡ್ ಇಲ್ಲದ ಸಿಮ್) ಮಾತ್ರ.

ಎರಡುಸಿಮ್: ಎರಡು ಸಿಮ್ ಕೂರೋ ಟ್ರೇ ಇರೋ 15ರ ಫೋಟೋನೇ ಇದೆ, ಹಾಕ್ಲಾ?

ನೀಲಿಕೊಡೆ: ಅದು ಚೀನಾದ್ದೋ ಹಾಂಗ್‌ಕಾಂಗಿನದ್ದೋ. ಫೋಟೋ ಹಾಕೋ ಮುಂಚೆ ಮಾಡೆಲ್ ನಂಬರ್ ಓದಿ.

ಎರಡುಸಿಮ್: ನಿಮ್ಮನ್ನ ಕೇಳಿದ್ನೇನ್ರೀ?

ಹೊಸಸದಸ್ಯ: ಅಂಗಡಿ ವೆಬ್‌ಸೈಟಿನಲ್ಲಿ ನನ್ನ ಕಾರ್ಡ್ ತಿರಸ್ಕಾರ ಆಗ್ತಿದೆ, ವಿಳಾಸ ಹೊಂದಲ್ಲ ಅಂತೆ. ಜಪಾನಿನ ರೈಸ್ ಕುಕ್ಕರ್‌ಗೆ ಪ್ಲಗ್ ಅಡಾಪ್ಟರ್ ಸಾಕಂತೆ, ಹೌದಾ?

ರಿಪೇರಿ ಸರ್: ಅಡಾಪ್ಟರ್ ಪಿನ್ ಬದಲಿಸುತ್ತೆ, ವೋಲ್ಟೇಜ್ ಅಲ್ಲ. 100 ವೋಲ್ಟಿನ ಕಾಯಿಲ್ 230ಕ್ಕೆ ಐದು ಪಟ್ಟು ಶಕ್ತಿ ಎಳೆದು ಸುಟ್ಟುಹೋಗುತ್ತೆ.

ಹೊಸಸದಸ್ಯ: ಕಾರ್ಡ್ ವಿಷಯ?

ಎರಡುಸಿಮ್: ಅಡ್ಮಿನ್, ನೀಲಿಕೊಡೆ ಅವರೇ ಉತ್ತರ ಕೊಡೋದಾದ್ರೆ ಸರ್ ಯಾಕೆ?

ಅಡ್ಮಿನ್: ಇಬ್ಬರೂ ಸುಮ್ಮನಿರಿ.

ರಾತ್ರಿಪಾಳಿ: ಸರ್, ಅವರಿಗೆ ಅರ್ಧ ದುಡ್ಡು ನಿನ್ನೆಯೇ ಕೊಟ್ಟುಬಿಟ್ಟೆ.

ರಿಪೇರಿ ಸರ್: ಕಂತಿನ ಕಾಗದಕ್ಕೆ ಅವರು ಸಹಿ ಹಾಕಾಯ್ತಾ? ಇಲ್ಲದಿದ್ರೆ ಈಗಲೇ ಫೋನ್ ಮಾಡಿ ನಿಲ್ಲಿಸಿ. ಆಗಿದ್ರೆ ಉಳಿದರ್ಧ ಈಗಲೇ ಅವರ ಕೈಗೆ ಕೊಡಬೇಡಿ. ಬಾಕಿ ಪೂರ್ತಿ ಒಂದೇ ಸಲ ಕಟ್ಟಿಸಿ, ರಸೀದಿ ತಗೊಂಡು, ಪುಟದಲ್ಲಿ ○ ಬಂದ ಮೇಲೆ ಕೊಡಿ.