ಅಪ್‌ಡೇಟ್: ಗಿಮ್ಲೆಟ್‌ನ ಕಹಿ ಕೊನೆಗೂ ಹೋಯ್ತು

ಮನೆಯಲ್ಲಿ ಜಿನ್, ನಿಂಬೆರಸ, ಸಕ್ಕರೆ ಸೇರಿಸಿ ಗಿಮ್ಲೆಟ್ ಅನ್ನೋ ಕಾಕ್‌ಟೇಲ್ ಮಾಡಿದರೆ ಯಾಕೆ ಕಹಿ ಬರುತ್ತೆ, ಸಕ್ಕರೆ ಯಾಕೆ ತಳದಲ್ಲೇ ಉಳಿಯುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ಎರಡೂ ಸರಿಹೋಯಿತು.

ಕೆಲವರು ಜಿನ್ ಬದಲಿಸಿ ಅಂದಿದ್ದರು. ದುಬಾರಿ ಬಾಟಲಿ ತಂದೆ, ಅದೇ ಕಹಿ. ಚಿಟಿಕೆ ಉಪ್ಪು ಸ್ವಲ್ಪ ತಗ್ಗಿಸಿತು, ಅಷ್ಟೇ. ಕೆಲಸ ಮಾಡಿದ್ದು "ಕೊನೇ ಹನಿವರೆಗೂ ಹಿಂಡಬೇಡಿ" ಅಂದವರ ಮಾತು, ಅವರಿಗೆ ದೊಡ್ಡ ಥ್ಯಾಂಕ್ಸ್. ನಾನು ಹೋಳನ್ನು ಮಡಚಿ ಸಿಪ್ಪೆ ನುಜ್ಜಾಗುವ ತನಕ ಹಿಂಡುತ್ತಿದ್ದೆ, ಸಿಪ್ಪೆಯ ಕಹಿಯೆಲ್ಲ ರಸಕ್ಕೆ ಇಳಿಯುತ್ತಿತ್ತು. ಈಗ ಮೆಲ್ಲಗೆ ಒಂದೇ ಸಲ ಒತ್ತಿ, ಬೀಜ ಸೋಸಿ, ಆಗಲೇ ಬಳಸುತ್ತೇನೆ.

ತಣ್ಣಗಿನ ಜಿನ್‌ನಲ್ಲಿ ಸಕ್ಕರೆ ಸುಲಭವಾಗಿ ಕರಗುವುದಿಲ್ಲ. ಸಕ್ಕರೆ, ನೀರು ಸಮ ಸಮ ಕಾಯಿಸಿ ಆರಿಸಿಟ್ಟುಕೊಳ್ಳಿ. 60 ಮಿಲಿ ಜಿನ್, 20 ಮಿಲಿ ರಸ, 20 ಮಿಲಿ ಪಾಕ. ಶೇಕರ್ ಇಲ್ಲ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಐಸ್ ತುಂಬಿ 15 ಸೆಕೆಂಡ್ ಜೋರಾಗಿ ಅಲ್ಲಾಡಿಸಿದೆ, ಹೊರಗೆಲ್ಲ ಬೆವರಿ ಕೈ ಮರಗಟ್ಟಿತು. ಕರಗಿದ ಐಸ್ ನೀರೂ ಅಳತೆಯ ಭಾಗವೇ, ಅದಿಲ್ಲದಿದ್ದರೆ ಘಾಟು ಜಾಸ್ತಿ.

ಇನ್ನೊಂದು ಗೊತ್ತಾಯಿತು, ಹಳೆಯ ಗಿಮ್ಲೆಟ್‌ಗೆ ಹಾಕುತ್ತಿದ್ದುದು ತಾಜಾ ರಸ ಅಲ್ಲ, ಲೈಮ್ ಕಾರ್ಡಿಯಲ್, ಅಂದರೆ ಸಕ್ಕರೆ ಬೆರೆಸಿದ ಸಿಹಿ ನಿಂಬೆ ಸಿರಪ್. ನನಗೆ ತಾಜಾ ರಸದ್ದೇ ಇಷ್ಟ.